ಅಮೆರಿಕದ ಯೂಟಾ ರಾಜ್ಯದ ಕಮರಿ ನಾಡಿನಲ್ಲಿ ಡೇರೆ ಹಾಕುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಉದ್ದನೆಯ ವಾರಾಂತ್ಯ ಹತ್ತಿರವಾಯಿತೆಂದರೆ ನನ್ನ ಫೋನಿಗೆ ಬಿಡುವಿರುವುದಿಲ್ಲ. ಆರ್ಚಸ್ ನೋಡಬೇಕು, ಕ್ಯಾನ್ಯನ್‌ಲ್ಯಾಂಡ್ಸ್ ನೋಡಬೇಕು, ಮೋವಾಬ್ ಪಟ್ಟಣದ ಹೋಟೆಲ್ ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ, ಈ ಎರಡು ರಾಷ್ಟ್ರೀಯ ಉದ್ಯಾನಗಳೊಳಗಿನ ಜಾಗಗಳು ತಿಂಗಳುಗಳ ಮೊದಲೇ ಭರ್ತಿ, ಹೊರಗಿನ ಸರ್ಕಾರಿ ನೆಲದಲ್ಲಿ ಪುಕ್ಕಟೆ ಮಲಗಬಹುದಂತೆ, ನಿಜವೇ? ನಿಜ. ಆದರೆ ಅದರ ಹಿಂದೆ ಹತ್ತಾರು 'ಆದರೆ'ಗಳಿವೆ. ನಾನು ಮಲೆನಾಡಿನವನು. ಬಾಳೆಹಣ್ಣಿನ ಸಿಪ್ಪೆ ಎಸೆದರೆ ದನ ತಿನ್ನುತ್ತದೆ, ದನ ಬಿಟ್ಟದ್ದನ್ನು ಮಳೆ ಕೊಳೆಸುತ್ತದೆ ಎಂದು ನಂಬಿ ಬೆಳೆದವನು. ದಕ್ಷಿಣ ಯೂಟಾದಲ್ಲಿ ಆ ಲೆಕ್ಕ ತಲೆಕೆಳಗು. ಇಲ್ಲಿ ಬಿಟ್ಟದ್ದು ಬಿಟ್ಟಲ್ಲೇ ಇರುತ್ತದೆ. ಹೀಗಾಗಿ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ.

ಸಾರ್ವಜನಿಕ ಭೂಮಿ ಎಂದರೆ ಯಾರದ್ದು? ಎಲ್ಲಿ ಬೇಕಾದರೂ ಮಲಗಬಹುದೇ?

ಊರಿನ ಗೋಮಾಳವನ್ನು ನೆನೆಸಿಕೊಳ್ಳಿ. ಯಾರ ಸ್ವಂತದ್ದೂ ಅಲ್ಲ, ಹಾಗೆಂದು ವಾರಸುದಾರರಿಲ್ಲದ್ದೂ ಅಲ್ಲ. ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್, ಅಂದರೆ ಬಿಎಲ್‌ಎಂ ಎಂಬ ಕೇಂದ್ರ ಸಂಸ್ಥೆಯ ಸುಪರ್ದಿಯಲ್ಲಿ ದೇಶದಾದ್ಯಂತ ಸುಮಾರು 24.5 ಕೋಟಿ ಎಕರೆ ಇದೆ. ಐದು ಕರ್ನಾಟಕ ಹಿಡಿಸುವಷ್ಟು ನೆಲ. ಅದರಲ್ಲಿ ಪರವಾನಗಿ ಪಡೆದ ರೈತರ ದನಗಳು ಮೇಯುತ್ತವೆ, ಗಣಿಗಳಿವೆ, ಕಾಡುಪ್ರಾಣಿಗಳಿವೆ, ನಿಮ್ಮ ಡೇರೆಗೂ ಜಾಗವಿದೆ. ಸಾಮಾನ್ಯ ನಿಯಮದಂತೆ 28 ದಿನಗಳ ಅವಧಿಯಲ್ಲಿ ಒಂದು ಕಡೆ 14 ದಿನ ಇರಬಹುದು, ಆಮೇಲೆ ದೂರ ಸರಿಯಬೇಕು.

ಆದರೆ ಕಣ್ಣಿಗೆ ಕಾಣುವ ಕೆಂಪು ಬಂಡೆಯೆಲ್ಲ ಬಿಎಲ್‌ಎಂ ಅಲ್ಲ. ರಾಷ್ಟ್ರೀಯ ಉದ್ಯಾನದೊಳಗೆ ಗುರುತು ಮಾಡಿದ ಜಾಗದಲ್ಲಿ ಅಥವಾ ಪರವಾನಗಿ ಪಡೆದು ಮಾತ್ರ ಮಲಗಬಹುದು. ನಡುನಡುವೆ ರಾಜ್ಯ ಸರ್ಕಾರದ ಚೌಕಗಳಿವೆ, ಖಾಸಗಿ ಜಮೀನಿದೆ. ಗಡಿಯ ಆಚೆಗೆ ನವಾಹೋ ಎಂಬ ಮೂಲನಿವಾಸಿ ಜನರ ನಾಡು, ನವಾಹೋ ರಾಷ್ಟ್ರವಿದೆ. ಅದು ಸಾರ್ವಜನಿಕ ಭೂಮಿಯೇ ಅಲ್ಲ, ಅವರ ಮನೆ. ಅಲ್ಲಿ ಡೇರೆ ಹಾಕಲು ಅವರ ಅನುಮತಿ ಬೇಕು. ಮೋವಾಬ್ ಸುತ್ತಮುತ್ತಲಿನ ಬಿಎಲ್‌ಎಂ ನೆಲದಲ್ಲೂ ಜನ ಹೆಚ್ಚಾದ್ದರಿಂದ ಹಲವು ರಸ್ತೆಗಳ ಬದಿಯಲ್ಲಿ ಗೂಟ ನೆಟ್ಟು ಗುರುತಿಸಿದ ಜಾಗ ಬಿಟ್ಟು ಬೇರೆಡೆ ಡೇರೆ ಹಾಕುವಂತಿಲ್ಲ. ಹೊರಡುವ ಹಿಂದಿನ ವಾರ ಆಯಾ ಬಿಎಲ್‌ಎಂ ಕಚೇರಿಗೆ ಒಂದು ಫೋನ್ ಮಾಡಿ. ಅವರು ಬೇಸರಿಸಿಕೊಳ್ಳದೆ ಹೇಳುತ್ತಾರೆ. ಹಳೆಯ ನಕ್ಷೆಯನ್ನು ನಂಬಬೇಡಿ: ಬೇರ್ಸ್ ಇಯರ್ಸ್ ರಾಷ್ಟ್ರೀಯ ಸ್ಮಾರಕವನ್ನು (ಕಟ್ಟಡವಲ್ಲ, ಸಂರಕ್ಷಿತ ಭೂಪ್ರದೇಶ) 2016ರ ಡಿಸೆಂಬರ್‌ನಲ್ಲಿ ಒಬಾಮಾ ಘೋಷಿಸಿದರು, ಮರುವರ್ಷ ಟ್ರಂಪ್ ಅದರ ಶೇ. 85ರಷ್ಟನ್ನು ಕತ್ತರಿಸಿದರು, 2021ರಲ್ಲಿ ಬೈಡನ್ ಮತ್ತೆ ಸೇರಿಸಿದರು. ಇಂಥ ಎಳೆದಾಟದ ನಾಡು ಇದು.

ಡೇರೆಗೆ ಒಳ್ಳೆಯ ಜಾಗ ಯಾವುದು?

ಯಾರೋ ಈಗಾಗಲೇ ಹಾಳು ಮಾಡಿದ ಜಾಗ. ಹೇಳಲು ವಿಚಿತ್ರ, ಆದರೆ ಹಾಗೆಯೇ. ಗಟ್ಟಿಯಾಗಿ ತುಳಿದ, ಗಿಡವಿಲ್ಲದ, ದಾರಿಯ ಪಕ್ಕದ ಹಳೆಯ ಜಾಗ ಸಿಕ್ಕರೆ ಅಲ್ಲೇ ಹಾಕಿ. ಇಲ್ಲದಿದ್ದರೆ ಬೋಳುಬಂಡೆಯ ಮೇಲೆ. ಗೂಟ ಹೊಡೆಯಲಾಗುವುದಿಲ್ಲ, ಹಗ್ಗಕ್ಕೆ ಕಲ್ಲು ಕಟ್ಟಬೇಕು, ಬೆಳಿಗ್ಗೆ ಕಲ್ಲನ್ನು ತೆಗೆದಲ್ಲೇ ಇಡಬೇಕು. ನೀರಿನಿಂದ ಕನಿಷ್ಠ 200 ಅಡಿ, ಅಂದರೆ ಸುಮಾರು 70 ಹೆಜ್ಜೆ ದೂರವಿರಿ. ನಿಮಗೆ ರಾತ್ರಿ ನಲ್ಲಿ ನೀರಿಲ್ಲದಿದ್ದರೆ ಬೆಳಿಗ್ಗೆ ಸಿಗುತ್ತದೆ. ಆ ಊಟೆಗೆ ಬರುವ ಜಿಂಕೆಗೆ, ಕಾಡುಕುರಿಗೆ ಇನ್ನೊಂದು ಊಟೆ ಹತ್ತಾರು ಮೈಲಿ ದೂರವಿರಬಹುದು. ನೀವು ಪಕ್ಕದಲ್ಲಿ ಕುಳಿತು ಅಂತ್ಯಾಕ್ಷರಿ ಹಾಡುತ್ತಿದ್ದರೆ ಅದು ಬಾಯಾರಿಕೊಂಡೇ ವಾಪಸಾಗುತ್ತದೆ.

ಮಣ್ಣನ್ನು ತುಳಿಯಬೇಡಿ ಎಂಬ ಫಲಕ ಎಲ್ಲ ಕಡೆ ಇದೆ. ಮರುಭೂಮಿಯಲ್ಲಿ ಮಣ್ಣನ್ನು ತುಳಿಯದೆ ನಡೆಯುವುದು ಹೇಗೆ?

ನಾನು ಮೊದಲ ಸಲ ಕೇಳಿದ ಪ್ರಶ್ನೆಯೂ ಇದೇ. ಉತ್ತರ ಸಿಕ್ಕಿದ್ದು ಬಂಡೆಯ ಅಂಚಿನಲ್ಲಿ ಹೊಟ್ಟೆಯಡಿಯಾಗಿ ಮಲಗಿ ಭೂತಗನ್ನಡಿ ಹಿಡಿದಾಗ. ದೂರದಿಂದ ಸುಟ್ಟ ದೋಸೆಯ ತಳದಂತೆ ಕಪ್ಪಗೆ, ಗಂಟುಗಂಟಾಗಿ ಕಾಣುತ್ತಿದ್ದದ್ದು ಹತ್ತಿರದಲ್ಲಿ ಒಂದು ಪುಟ್ಟ ಬೆಟ್ಟಸಾಲು: ಬೆರಳ ಗೆಣ್ಣಿನೆತ್ತರದ ಶಿಖರಗಳು, ನಡುವೆ ಕಣಿವೆಗಳು, ಒಂದು ಬದಿಗೆ ಹಸಿರು ಪಾಚಿಯ ಚುಕ್ಕೆ, ಇನ್ನೊಂದು ಬದಿಗೆ ಬಿಳಿ ಕಲ್ಲುಹೂವು. ಮೊದಲೇ ಮುರಿದು ಬಿದ್ದಿದ್ದ ಒಂದು ಚೂರಿನ ಅಡಿಯಲ್ಲಿ ಮರಳ ಕಣಗಳು ಕೂದಲಿಗಿಂತ ತೆಳ್ಳನೆಯ ಎಳೆಗಳಿಂದ ಜೋತಾಡುತ್ತಿದ್ದವು.

ಆ ಎಳೆಗಳು ಸಯನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗಳು ಬಿಟ್ಟು ಹೋದ ಅಂಟು ಕವಚಗಳು. ಮಳೆ ಬಿದ್ದಾಗ ಈ ಜೀವಿಗಳು ಎಚ್ಚೆತ್ತು ಮರಳಿನ ನಡುವೆ ಸರಿದಾಡುತ್ತವೆ, ಹಿಂದೆ ನೂಲು ಬಿಡುತ್ತವೆ, ಒಣಗಿದಾಗ ಮಲಗುತ್ತವೆ. ಹೀಗೆ ನೇಯ್ದ ಹಕ್ಕಳೆಯೇ ಇಲ್ಲಿನ ಮರಳು ಗಾಳಿಗೆ ಹಾರದಂತೆ, ನೀರಿಗೆ ಕೊಚ್ಚಿಹೋಗದಂತೆ ಹಿಡಿದಿಟ್ಟಿದೆ. ಗಾಳಿಯ ಸಾರಜನಕವನ್ನು ಮಣ್ಣಿಗೆ ಕೂಡಿಸುವುದೂ ಇದೇ, ನಮ್ಮಲ್ಲಿ ದ್ವಿದಳ ಧಾನ್ಯ ಮಾಡುವ ಕೆಲಸ. ಕ್ರಿಪ್ಟೋಬಯಾಟಿಕ್ ಮಣ್ಣು ಎಂಬುದು ಇದರ ಹೆಸರು. ಒಣಗಿದ್ದಾಗ ಇದು ಹಪ್ಪಳ. ಒಂದು ಹೆಜ್ಜೆಗೆ ಪುಡಿ. ಮತ್ತೆ ಬೆಳೆಯಲು ವರ್ಷಗಳಲ್ಲ, ದಶಕಗಳು ಬೇಕು. ಎಳೆಯ ಹಕ್ಕಳೆ ಇನ್ನೂ ಕಪ್ಪಾಗಿರುವುದಿಲ್ಲ, ಮರಳಿನ ಬಣ್ಣದಲ್ಲೇ ಇರುತ್ತದೆ. ಕಾಣುವುದಿಲ್ಲವೆಂದು ಅಲ್ಲಿಲ್ಲ ಎಂದುಕೊಳ್ಳಬೇಡಿ.

ಹಾಗಾದರೆ ನಡೆಯುವುದು ಹೇಗೆ? ಬಂಡೆಯ ಮೇಲೆ, ಒಣಹಳ್ಳದ ಮರಳಿನಲ್ಲಿ, ಇರುವ ಕಾಲುದಾರಿಯಲ್ಲಿ. ದಾಟಲೇಬೇಕಾದರೆ ಒಬ್ಬರ ಹೆಜ್ಜೆಯಲ್ಲೇ ಇನ್ನೊಬ್ಬರು ಹೆಜ್ಜೆ ಇಡಿ. ಮಕ್ಕಳಿಗೆ ಇದನ್ನು ಆಟವಾಗಿ ಕಲಿಸಿದರೆ ದೊಡ್ಡವರಿಗಿಂತ ಚೆನ್ನಾಗಿ ಪಾಲಿಸುತ್ತಾರೆ. ಕಾರನ್ನು ದಾರಿಯಿಂದ ಹತ್ತಡಿ ಆಚೆ ತಿರುಗಿಸಿದರೂ ಆ ಚಕ್ರದ ಗುರುತನ್ನು ನಿಮ್ಮ ಮಗ ಕಾಲೇಜು ಮುಗಿಸಿ ಬಂದು ನೋಡಬಹುದು.

ಕುಡಿಯುವ ನೀರು?

ತಲೆಗೆ ದಿನಕ್ಕೆ ಕನಿಷ್ಠ ನಾಲ್ಕು ಲೀಟರ್, ಅಡುಗೆಗೆ ಬೇರೆ. ಎಲ್ಲವನ್ನೂ ಪಟ್ಟಣದಿಂದಲೇ ತುಂಬಿಸಿಕೊಂಡು ಹೋಗಿ. ನದಿ ಕಾಣುತ್ತದಲ್ಲ ಎನ್ನಬೇಡಿ. ಕೊಲೊರಾಡೊ ನೀರು ಚಹಾದ ಬಣ್ಣದ್ದು. ನೇರವಾಗಿ ಫಿಲ್ಟರಿಗೆ ಹಾಕಿದರೆ ಕೆಲವೇ ನಿಮಿಷಗಳಲ್ಲಿ ಅದು ಕಟ್ಟಿಕೊಳ್ಳುತ್ತದೆ. ದೋಣಿಯಲ್ಲಿ ಹೋಗುವವರು ಬಕೆಟ್ ನೀರಿಗೆ ಪಟಿಕ ಹಾಕಿ ರಾತ್ರಿಯಿಡೀ ಬಿಡುತ್ತಾರೆ, ಬೆಳಿಗ್ಗೆ ಮೇಲಿನ ತಿಳಿಯನ್ನು ಬಗ್ಗಿಸಿ ಫಿಲ್ಟರ್ ಮಾಡುತ್ತಾರೆ. ಹೊಸ ನೀರು ಬಂದಾಗ ನಮ್ಮಜ್ಜಿ ಕೊಡದಲ್ಲಿ ಪಟಿಕ ತಿರುಗಿಸುತ್ತಿದ್ದದ್ದೂ ಇದೇ ವಿದ್ಯೆ.

ಬಂಡೆಯ ಮೇಲೆ ಮಳೆನೀರು ನಿಂತ ಗುಳಿಗಳು ಕಾಣುತ್ತವೆ. ದುರ್ಗದ ಬೆಟ್ಟ ಹತ್ತಿದವರಿಗೆ ದೊಣೆ ಎಂದರೆ ಸಾಕು. ಇವುಗಳಲ್ಲಿ ಕೈ ತೊಳೆಯಬೇಡಿ, ಕಾಲು ಇಳಿಬಿಡಬೇಡಿ. ಬಿಸಿಲಿಗೆ ಹಚ್ಚಿಕೊಂಡ ಕ್ರೀಮ್, ಬೆವರು, ಸೋಪು ಇವೆಲ್ಲ ಅಲ್ಲೇ ಉಳಿಯುತ್ತವೆ. ಅಂಗೈಯಗಲದ ಆ ನೀರಿನಲ್ಲಿ ಉಗುರುದ್ದದ ಸೀಗಡಿಗಳು ಮಲಗಿದಂತೆ ಬೆನ್ನಡಿಯಾಗಿ ಈಜುತ್ತಿರುತ್ತವೆ. ನೀರು ಬತ್ತುವ ಮೊದಲು ಅವು ಇಟ್ಟ ತತ್ತಿಗಳು ಒಣ ಮಣ್ಣಿನಲ್ಲಿ ವರ್ಷಗಟ್ಟಲೆ ಕಾದು, ಮುಂದಿನ ಒಳ್ಳೆಯ ಮಳೆಗೆ ಒಡೆಯುತ್ತವೆ. ಹಾಗಾಗಿ ಒಣಗಿದ ಗುಳಿಯ ಕೆಸರನ್ನೂ ತುಳಿಯಬಾರದು. ಮೊದಲ ಪ್ರವಾಸದಲ್ಲಿ ಇಂಥದೊಂದು ಗುಳಿಯಲ್ಲಿ ನಾನು ಚಿತ್ರಾನ್ನದ ತಟ್ಟೆ ತೊಳೆದಿದ್ದೇನೆ. ಎಣ್ಣೆಯ ಹಳದಿ ಪದರ ನೀರಿನ ಮೇಲೆ ಹರಡಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಆಕಾಶ ಶುಭ್ರವಾಗಿದೆ. ಒಣಹಳ್ಳದ ಮೆತ್ತನೆಯ ಮರಳಿನಲ್ಲಿ ಮಲಗಿದರೆ ಏನು?

ಬೇಡ. ನಿಮ್ಮ ತಲೆಯ ಮೇಲಿನ ಆಕಾಶ ಇಲ್ಲಿ ಲೆಕ್ಕಕ್ಕಿಲ್ಲ. 1997ರ ಆಗಸ್ಟ್ 12ರಂದು ಅರಿಜೋನಾದ ಲೋವರ್ ಆಂಟೆಲೋಪ್ ಕಮರಿಯಲ್ಲಿ 11 ಪ್ರವಾಸಿಗರು ಕೊಚ್ಚಿಹೋದರು. ಮಳೆ ಸುರಿದದ್ದು ಮೈಲಿಗಳಾಚೆ, ಮೇಲ್ಹರಿವಿನಲ್ಲಿ. 2015ರ ಸೆಪ್ಟೆಂಬರ್ 14ರಂದು ಝಯಾನ್ ಉದ್ಯಾನದ ಕೀಹೋಲ್ ಕಮರಿಯಲ್ಲಿ ಏಳು ಮಂದಿ ಹೀಗೆಯೇ ಸತ್ತರು. ಬೋಳುಬಂಡೆ ನೀರು ಕುಡಿಯುವುದಿಲ್ಲ. ಬಿದ್ದ ಹನಿಯೆಲ್ಲ ಇಳಿಜಾರಿನಲ್ಲಿ ಓಡಿ ಬಂದು ಎರಡು ಗೋಡೆಗಳ ನಡುವಿನ ಸೀಳಿನಲ್ಲಿ ಸೇರಿಕೊಳ್ಳುತ್ತದೆ. ಮರದ ದಿಮ್ಮಿ, ಕಲ್ಲು, ಕೆಸರು ಎಲ್ಲ ಒಟ್ಟಿಗೆ. ಗೋಡೆಗಳ ನಡುವೆ ತಲೆಯೆತ್ತಿದಾಗ ಇಪ್ಪತ್ತಡಿ ಮೇಲೆ ಸಿಕ್ಕಿಕೊಂಡ ಮರದ ಕಾಂಡ ಕಂಡರೆ ಅದು ಯಾರೋ ಇಟ್ಟದ್ದಲ್ಲ, ನೀರು ಇಟ್ಟದ್ದು. ಜುಲೈನಿಂದ ಸೆಪ್ಟೆಂಬರ್‌ವರೆಗೆ ಇಲ್ಲೂ ಮಾನ್ಸೂನ್ ಎಂದೇ ಕರೆಯುವ ಮಧ್ಯಾಹ್ನದ ಗುಡುಗುಮಳೆಯ ಕಾಲ. ಆ ದಿನಗಳಲ್ಲಿ ಇಡೀ ಜಲಾನಯನದ ಮುನ್ಸೂಚನೆ ನೋಡಿ, ಸಂದೇಹವಿದ್ದರೆ ಸೀಳು ಕಮರಿಗೆ ಇಳಿಯಲೇಬೇಡಿ.

ಕೇಳಲು ಮುಜುಗರ. ಬಹಿರ್ದೆಸೆಗೆ ಏನು ಮಾಡುವುದು?

ಎಲ್ಲರೂ ಕೊನೆಗೆ, ದನಿ ತಗ್ಗಿಸಿ ಕೇಳುವ ಪ್ರಶ್ನೆ. ಮೊದಲೇ ಕೇಳಬೇಕಾದದ್ದು ಇದೇ.

ಗುಂಡಿ ತೋಡಿ ಮುಚ್ಚಿದರೆ ಮಣ್ಣಾಗುತ್ತದೆ ಎಂಬುದು ತೇವದ ನಾಡಿನ ನಂಬಿಕೆ. ಈ ಮರಳಿನಲ್ಲಿ ತೇವವೂ ಕಡಿಮೆ, ಕೊಳೆಸುವ ಸೂಕ್ಷ್ಮಜೀವಿಗಳೂ ಕಡಿಮೆ. ಹೂತದ್ದು ಒಣಗಿ ಹಾಗೇ ಉಳಿಯುತ್ತದೆ, ಗಾಳಿ ಮರಳನ್ನು ಸರಿಸಿದಾಗ ಮತ್ತೆ ಹೊರಗೆ ಬರುತ್ತದೆ. ಅದಕ್ಕೇ ಇಲ್ಲಿ ತುಂಬಿಸಿಕೊಂಡು ಹಿಂದಕ್ಕೆ ತರುವ ಪದ್ಧತಿ. ವ್ಯಾಗ್ ಬ್ಯಾಗ್ ಎಂಬ ಚೀಲ ಮೋವಾಬ್‌ನ ಅಂಗಡಿಗಳಲ್ಲಿ ಸಿಗುತ್ತದೆ. ಒಳಗಿನ ಪುಡಿ ದ್ರವವನ್ನು ಹೆಪ್ಪುಗಟ್ಟಿಸಿ ವಾಸನೆ ತಡೆಯುತ್ತದೆ, ಹೊರಚೀಲ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ಪಟ್ಟಣಕ್ಕೆ ಬಂದು ಸಾಮಾನ್ಯ ಕಸದ ತೊಟ್ಟಿಗೆ ಹಾಕಬಹುದು. ರಸ್ತೆಬದಿಯ ಗುಂಡಿ ಶೌಚಾಲಯದೊಳಕ್ಕೆ ಮಾತ್ರ ಎಸೆಯಬೇಡಿ, ಅದನ್ನು ಖಾಲಿ ಮಾಡುವ ಪಂಪ್ ಕಟ್ಟಿಕೊಳ್ಳುತ್ತದೆ. ಕಯೋಟಿ ಗಲ್ಚ್, ಪರಿಯಾ ಕ್ಯಾನ್ಯನ್‌ಗಳಲ್ಲಿ ಹೀಗೆ ಹೊತ್ತು ತರುವುದು ಕಡ್ಡಾಯ. ಮೋವಾಬ್ ಸುತ್ತಲಿನ ಹಲವು ಬಿಎಲ್‌ಎಂ ಜಾಗಗಳಲ್ಲಿ ಒಯ್ಯಬಹುದಾದ ಶೌಚ ವ್ಯವಸ್ಥೆ ಇಲ್ಲದೆ ಮಲಗುವಂತೆಯೇ ಇಲ್ಲ.

ಕಾಗದ ಒಗ್ಗದು, ನೀರೇ ಬೇಕು ಎನ್ನುವವರು ಒತ್ತಿದರೆ ಚಿಮ್ಮುವ ಚಿಕ್ಕ ಬಾಟಲಿ ಇಟ್ಟುಕೊಳ್ಳಿ. ಮಿತವಾಗಿ ಬಳಸಿದರೆ ಆ ನೀರನ್ನೂ ಚೀಲದ ಪುಡಿ ಹೀರಿಕೊಳ್ಳುತ್ತದೆ. ಒಂದು ಹೆಚ್ಚುವರಿ ಚೀಲ ಇರಲಿ. ನಮ್ಮ ತಂದೆಗೆ ಇದನ್ನು ವಿವರಿಸುವಾಗ ನನಗೆ ಬೆವರು ಬಂದಿತ್ತು. ಅವರು ಎಲ್ಲ ಕೇಳಿ, ಹಾಗಾದರೆ ಬಕೆಟ್ಟಿನ ಮೇಲೆ ಕೂರಲು ಒಂದು ಹಲಗೆ ಮಾಡು ಎಂದಷ್ಟೇ ಅಂದರು. ಮಾಡಿದೆ. ಈಗ ಪರಿಚಿತರೆಲ್ಲ ಅದನ್ನು ಎರವಲು ಒಯ್ಯುತ್ತಾರೆ.

ಮೂತ್ರಕ್ಕೆ ಇಷ್ಟು ಕಟ್ಟುಪಾಡಿಲ್ಲ, ನೀರಿನಿಂದ 200 ಅಡಿ ದೂರ ಹೋದರಾಯಿತು. ತಮಾಷೆಯೆಂದರೆ ಗ್ರ್ಯಾಂಡ್ ಕ್ಯಾನ್ಯನ್ ಮೂಲಕ ದೋಣಿಯಲ್ಲಿ ಹೋಗುವವರಿಗೆ ನಿಯಮ ತಿರುಗಾಮುರುಗಾ: ದಂಡೆಯ ಮರಳು ನಾರದಿರಲೆಂದು ನದಿಗೇ ಬಿಡಬೇಕು.

ಅಡುಗೆ ಮಾಡಬಹುದೇ? ಪಾತ್ರೆ ತೊಳೆದ ನೀರು?

ಧಾರಾಳವಾಗಿ ಮಾಡಿ, ಆದರೆ ತೊಳೆಯುವ ಕೆಲಸ ಕಡಿಮೆಯಿರುವಂಥದ್ದನ್ನು ಮಾಡಿ. ಬಸಿದು ಚೆಲ್ಲಬೇಕಾದ ಅನ್ನ, ಎಣ್ಣೆ ತೇಲುವ ಸಾಗು ಬೇಡ. ನೆನೆಸಿದ ಅವಲಕ್ಕಿ, ಮನೆಯಿಂದ ತಂದ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಒಂದೇ ಪಾತ್ರೆಯ ಉಪ್ಪಿಟ್ಟು ಇವು ಈ ನಾಡಿಗೆಂದೇ ಹುಟ್ಟಿದ ತಿಂಡಿಗಳು. ತಟ್ಟೆಯನ್ನು ಮೊದಲು ಚಪಾತಿಯಿಂದಲೋ ಬೆರಳಿನಿಂದಲೋ ಒರೆಸಿ ತಿಂದುಬಿಡಿ. ಉಳಿದ ನೀರನ್ನು ಜರಡಿ ಹಿಡಿದು, ಅಗುಳು, ಕರಿಬೇವು, ಸಾಸಿವೆ ಕಸದ ಚೀಲಕ್ಕೆ ಹಾಕಿ, ನೀರನ್ನು ಹಳ್ಳದಿಂದ ದೂರ ಅಗಲವಾಗಿ ಎರಚಿ. ಮಣ್ಣಿನಲ್ಲಿ ಕರಗುವ ಸೋಪು ಎಂದು ಬರೆದಿದ್ದರೂ ಅದು ನೀರಿಗೆ ಸೇರಬಾರದು.

ಕಿತ್ತಳೆ ಸಿಪ್ಪೆ, ಬಾಳೆ ಸಿಪ್ಪೆ ಎಸೆಯಬೇಡಿ. ಒಣಗಿ ಚರ್ಮದಂತಾಗಿ ವರ್ಷ ಕಳೆದರೂ ಬಿದ್ದಿರುತ್ತವೆ. ರಾತ್ರಿ ಊಟದ ಸಾಮಾನನ್ನು ಡೇರೆಯೊಳಗೂ ಇಡಬೇಡಿ, ಹೊರಗೂ ಬಿಡಬೇಡಿ. ಇಲಿ ಚೀಲ ಕೊರೆಯುತ್ತದೆ, ಹಗಲಿನಲ್ಲಿ ಡೊಂಬಕಾಗೆ ಜಿಪ್ ಎಳೆದು ತೆಗೆಯುತ್ತದೆ. ಉತ್ಪ್ರೇಕ್ಷೆಯಲ್ಲ.

ರಾತ್ರಿ ಬೆಂಕಿ ಹಾಕಿ ಸುತ್ತ ಕೂರುವುದು?

ಬೇಸಿಗೆಯಲ್ಲಿ ಬಹುತೇಕ ನಿಷೇಧವಿರುತ್ತದೆ, ಮೊದಲು ಅದನ್ನು ವಿಚಾರಿಸಿ. ಅವಕಾಶವಿದ್ದರೂ ಸೌದೆ ಪಟ್ಟಣದಿಂದ ಕೊಂಡು ತನ್ನಿ, ಲೋಹದ ತಟ್ಟೆಯಲ್ಲಿ ಹಚ್ಚಿ, ಬೂದಿ ತಣ್ಣಗಾದ ಮೇಲೆ ತುಂಬಿಕೊಂಡು ಹೋಗಿ. ಪಕ್ಕದಲ್ಲಿ ನಿಂತ ಜೂನಿಪರ್ ಮರದ ಒಣಕೊಂಬೆ ಮುರಿಯುವ ಆಸೆಯಾಗುತ್ತದೆ. ಆ ಮರ ಬರಗಾಲದಲ್ಲಿ ತನ್ನದೇ ಒಂದು ಕೊಂಬೆಗೆ ನೀರು ನಿಲ್ಲಿಸಿ ಉಳಿದದ್ದನ್ನು ಬದುಕಿಸಿಕೊಂಡಿರುತ್ತದೆ. ಮಲಗಿದ ಒಣಮರದಡಿ ಹಲ್ಲಿಯ ಸಂಸಾರವಿರುತ್ತದೆ. ಪ್ರಾಮಾಣಿಕವಾಗಿ ಹೇಳಬೇಕೆಂದರೆ, ನಾನು ಬೆಂಕಿ ಹಾಕುವುದನ್ನೇ ಬಿಟ್ಟಿದ್ದೇನೆ. ಇಲ್ಲಿಯ ನ್ಯಾಚುರಲ್ ಬ್ರಿಡ್ಜಸ್ ರಾಷ್ಟ್ರೀಯ ಸ್ಮಾರಕ 2007ರಲ್ಲಿ ಜಗತ್ತಿನ ಮೊದಲ ಅಂತರರಾಷ್ಟ್ರೀಯ ಕತ್ತಲಾಕಾಶ ಉದ್ಯಾನವಾಯಿತು. ಇಂಥ ಕತ್ತಲೆ ಹುಡುಕಿಕೊಂಡು ಬಂದು ಬೆಂಕಿ ನೋಡುತ್ತಾ ಕೂರುವುದೇಕೆ?

ದೀಪಾವಳಿ ಅಲ್ಲೇ ಬಂದರೆ ಪಟಾಕಿ?

ಇಲ್ಲ. ಸುರುಸುರುಬತ್ತಿಯೂ ಇಲ್ಲ. ಕಾನೂನಿನ ಪ್ರಕಾರವೇ ಇಲ್ಲ.

ಬಂಡೆಯ ಚಾಚಿನ ಕೆಳಗೆ ಹಳೆಯ ಗೋಡೆಗಳು ಕಂಡವು. ಒಳಗೆ ಹೋಗಿ ನೋಡಬಹುದೇ?

ಹೊರಗೆ ನಿಂತು ನೋಡಿ. ಪೂರ್ವಜ ಪುಯೆಬ್ಲೋ ಎಂದು ಕರೆಯುವ ಇಲ್ಲಿನ ಮೂಲನಿವಾಸಿ ಜನ ಕಟ್ಟಿದ ಮನೆ, ಕಣಜಗಳು ಅವು. 13ನೆಯ ಶತಮಾನದ ಕೊನೆಯ ಹೊತ್ತಿಗೆ ಅವರು ಈ ಕಮರಿಗಳನ್ನು ಬಿಟ್ಟು ದಕ್ಷಿಣಕ್ಕೆ ಹೋದರು, ಮಾಯವಾಗಲಿಲ್ಲ. ಅವರ ವಂಶಸ್ಥರಾದ ಹೋಪಿ, ಝೂನಿ ಜನ ಇಂದೂ ಈ ಜಾಗಗಳನ್ನು ತಮ್ಮವರ ಮನೆಯೆಂದೇ ನೆನೆಯುತ್ತಾರೆ. ಬೇರ್ಸ್ ಇಯರ್ಸ್ ಸ್ಮಾರಕಕ್ಕಾಗಿ ಹೋರಾಡಿದ ಐದು ಬುಡಕಟ್ಟುಗಳಲ್ಲಿ ಈ ಎರಡೂ ಇವೆ. ಆದ್ದರಿಂದ ಪಾಳು ಎಂಬ ಪದ ನನಗೆ ಸರಿ ಕಾಣುವುದಿಲ್ಲ.

ಸೀಡರ್ ಮೆಸಾದ ಒಂದು ಕಣಜದೆದುರು ಅರ್ಧ ಗಂಟೆ ಕುಳಿತಿದ್ದೆ. ಕಲ್ಲುಗಳ ನಡುವಿನ ಗಾರೆಯಲ್ಲಿ ಬೆರಳಿನ ಗುರುತುಗಳು, ಒತ್ತಿ ಎಳೆದ ಮೂರು ಗೆರೆಗಳು. ಚಿಕ್ಕ ಕೈ. ಹೆಂಗಸಿನದೋ ಮಗುವಿನದೋ. ಪಕ್ಕದ ಧೂಳಿನಲ್ಲಿ ನನ್ನ ತೋರುಬೆರಳಿನಷ್ಟೇ ಉದ್ದದ ಮುಸುಕಿನ ಜೋಳದ ದಿಂಡು. ಏಳುನೂರು ವರ್ಷ ಕಳೆದರೂ ಕೊಳೆತಿಲ್ಲ. ಬಾಳೆಸಿಪ್ಪೆಯ ಬಗ್ಗೆ ನಾನು ಅಷ್ಟು ಗೋಳಾಡಿದ್ದು ಯಾಕೆಂದು ಈಗ ತಿಳಿಯಿತಲ್ಲ.

ಗೋಡೆಗೆ ಒರಗಬೇಡಿ, ಹತ್ತಬೇಡಿ. ಚಿತ್ರ, ಕೆತ್ತನೆಗಳನ್ನು ಮುಟ್ಟಬೇಡಿ, ಕೈಯ ಜಿಡ್ಡು ಬಣ್ಣವನ್ನು ತಿನ್ನುತ್ತದೆ. ಆಸರೆಯೊಳಗೆ ಬೆಂಕಿ ಹಚ್ಚಬೇಡಿ, ಮಸಿ ಚಿತ್ರವನ್ನು ಮುಚ್ಚುತ್ತದೆ, ಇದ್ದಿಲು ಕಾಲನಿರ್ಣಯವನ್ನು ಕೆಡಿಸುತ್ತದೆ. ಅಲ್ಲಿ ಮಲಗುವುದಂತೂ ಬೇಡ. ಇಲಿಯ ಹಿಕ್ಕೆಯ ಧೂಳಿನಿಂದ ಹಂಟಾವೈರಸ್ ಬರಬಹುದು, 1993ರಲ್ಲಿ ಈ ಭಾಗದಲ್ಲಿ ಅದು ಜನರನ್ನು ಕೊಂದಿದೆ. ನೆಲದಲ್ಲಿ ಕಪ್ಪುಬಿಳುಪು ಗೀಟಿನ ಬೋಕಿ ಚೂರು ಸಿಕ್ಕರೆ ಎತ್ತಿ ನೋಡಿ ಸಿಕ್ಕಲ್ಲೇ ಇಡಿ ಎನ್ನುತ್ತಾರೆ ಕೆಲವರು, ಮುಟ್ಟಲೇಬೇಡಿ ಎನ್ನುತ್ತೇನೆ ನಾನು. ಚಪ್ಪಟೆ ಕಲ್ಲಿನ ಮೇಲೆ ಚೂರುಗಳನ್ನು ಜೋಡಿಸಿಟ್ಟು ಫೋಟೊ ತೆಗೆದರೂ ಅವು ಎಲ್ಲಿಂದ ಬಂದವೆಂಬ ಸುಳಿವು ಅಳಿಸಿಹೋಗುತ್ತದೆ. ಜೇಬಿಗೆ ಹಾಕಿಕೊಂಡರೆ 1979ರ ಪುರಾತತ್ವ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ವೀಸಾದ ಮೇಲೆ ಇರುವವರು ಈ ವಾಕ್ಯವನ್ನು ಎರಡು ಸಲ ಓದಿ.

ಬಾಡಿಗೆ ಕಾರಿನಲ್ಲಿ ಮಣ್ಣು ರಸ್ತೆಗೆ ಇಳಿಯಬಹುದೇ?

ಒಪ್ಪಂದದ ಸಣ್ಣಕ್ಷರ ಓದಿ. ಹೆಚ್ಚಿನವು ಡಾಂಬರು ಬಿಟ್ಟು ಇಳಿಯಬಾರದು ಎನ್ನುತ್ತವೆ. ಮಳೆ ಬಂದರಂತೂ ಸ್ವಂತ ಜೀಪಿದ್ದರೂ ಇಳಿಯಬೇಡಿ. ಇಲ್ಲಿನ ಬೂದು, ನೇರಳೆ ಬಣ್ಣದ ದಿಣ್ಣೆಗಳಲ್ಲಿ ನೀರು ಕುಡಿದು ಉಬ್ಬುವ ಜೇಡಿಯಿದೆ. ವಿಜಯಪುರ, ಗದಗದ ಕಡೆಯವರಿಗೆ ವಿವರಿಸಬೇಕಾಗಿಲ್ಲ: ಎರೆಮಣ್ಣಿನ ದಾರಿಯಲ್ಲಿ ಮಳೆಗಾಲದಲ್ಲಿ ಬಂಡಿ ಹೂತಂತೆ. ಒಂದು ದಿನ ಕಾದರೆ ಬಿಸಿಲು ಅದೇ ರಸ್ತೆಯನ್ನು ಸಿಮೆಂಟಿನಂತೆ ಮಾಡುತ್ತದೆ. ಕಾಯದೆ ಹೊರಟರೆ ಎಳೆಯುವ ಲಾರಿಯವನಿಗೆ ಸಾವಿರ ಡಾಲರ್ ದಾಟಬಹುದು, ನೀವು ಕೊರೆದ ಹಳಿ ಮಾತ್ರ ರಸ್ತೆಯಲ್ಲಿ ಉಳಿಯುತ್ತದೆ.

ಊರಿನಿಂದ ಅಪ್ಪ ಅಮ್ಮ ಬಂದಿದ್ದಾರೆ, ಕರೆತರಬಹುದೇ?

ಅಗತ್ಯವಾಗಿ. ಏಪ್ರಿಲ್, ಮೇ ಅಥವಾ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ಬೇಸಿಗೆಯಲ್ಲಿ 38 ಡಿಗ್ರಿ ದಾಟುತ್ತದೆ. ವಸಂತದ ರಾತ್ರಿ ನೀರು ಹೆಪ್ಪುಗಟ್ಟುವುದುಂಟು, ಆದ್ದರಿಂದ ಮಂಕಿಟೋಪಿ, ಶಾಲು ಮರೆಯಬೇಡಿ. ಅವರಿಗಾಗಿ ಮೋವಾಬ್ ಬಳಿ ಹೆದ್ದಾರಿ 128ರ ಉದ್ದಕ್ಕೂ ನದಿದಂಡೆಯಲ್ಲಿರುವ ಬಿಎಲ್‌ಎಂ ಕ್ಯಾಂಪ್ ಜಾಗಗಳನ್ನು ಆರಿಸಿ. ಮೇಜು, ಶೌಚಾಲಯವಿರುತ್ತವೆ, ನೀರು ಮಾತ್ರ ನೀವೇ ಒಯ್ಯಬೇಕು. ಮೊದಲು ಬಂದವರಿಗೆ ಜಾಗ, ಶುಕ್ರವಾರ ಸಂಜೆ ಹೋದರೆ ಸಿಗದು, ಗುರುವಾರ ಬೆಳಿಗ್ಗೆ ಹೋಗಿ.

ಹಾವು, ಚೇಳು?

ಇವೆ. ಬೆಳಿಗ್ಗೆ ಶೂ ಕೊಡವಿ ಹಾಕಿಕೊಳ್ಳಿ, ಕಾಣದ ಸಂದಿಗೆ ಕೈ ಹಾಕಬೇಡಿ. ಊರಿನ ತೋಟದಲ್ಲಿ ಓಡಾಡಿದವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

ಮೊಬೈಲ್ ಸಿಗುತ್ತದೆಯೇ? ಡ್ರೋನ್?

ಮೊಬೈಲ್ ಬಹುತೇಕ ಸಿಗದು. ಎಲ್ಲಿಗೆ ಹೋಗುತ್ತೀರಿ, ಯಾವಾಗ ಬರುತ್ತೀರಿ ಎಂದು ಒಬ್ಬರಿಗೆ ಬರೆದು ಕೊಟ್ಟು ಹೋಗಿ. ಡ್ರೋನ್ ರಾಷ್ಟ್ರೀಯ ಉದ್ಯಾನಗಳಲ್ಲಿ ನಿಷಿದ್ಧ. ಗಡಿಯಾರದ ಬಗ್ಗೆಯೂ ಎಚ್ಚರ: ಬೇಸಿಗೆಯಲ್ಲಿ ಯೂಟಾ ಮತ್ತು ನವಾಹೋ ರಾಷ್ಟ್ರ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತವೆ, ಉಳಿದ ಅರಿಜೋನಾ ಇಡುವುದಿಲ್ಲ. ಈ ಕಾರಣಕ್ಕೇ ಕಾಯ್ದಿರಿಸಿದ ಪ್ರವಾಸ ತಪ್ಪಿಸಿಕೊಂಡ ಸ್ನೇಹಿತರು ನನಗಿದ್ದಾರೆ.

ಡೇರೆಗೆ ಹತ್ತಿದ ಕೆಂಪು ಧೂಳು ಹೋಗುವುದು ಹೇಗೆ?

ಪೂರ್ತಿ ಹೋಗುವುದಿಲ್ಲ. ಜಿಪ್‌ಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಬರೀ ನೀರಿನಲ್ಲಿ ಜಾಲಿಸಿ ಒಣಗಿಸಿ, ಇಲ್ಲದಿದ್ದರೆ ಮುಂದಿನ ಸಲ ಹಲ್ಲು ಕಿತ್ತುಬರುತ್ತವೆ. ಕಾಲುಚೀಲಕ್ಕೆ ಚುಚ್ಚಿಕೊಂಡ ಹುಲ್ಲಿನ ಬೀಜಗಳನ್ನು ಹೊರಡುವ ಮೊದಲು ಅಲ್ಲೇ ಕಿತ್ತು ಕಸದ ಚೀಲಕ್ಕೆ ಹಾಕಿ. ಚೀಟ್‌ಗ್ರಾಸ್ ಎಂಬ ಹೊರಗಿನ ಹುಲ್ಲು ಹಬ್ಬುವುದು ಹೀಗೆಯೇ. ಬಿಳಿ ಪಂಚೆ ಮಾತ್ರ ಒಯ್ಯಬೇಡಿ. ನಾನು ಒಯ್ದದ್ದು ಈಗ ಕಾರು ಒರೆಸುವ ಬಟ್ಟೆಯಾಗಿದೆ, ಬಣ್ಣ ಇನ್ನೂ ಹಾಗೇ ಇದೆ.